ದನ ಎಲ್ಲಿ ಕಟ್ಟೀರಿ?

ನಮ್ಮ ಕಡೆ ಪ್ರವಾಹ ಬಿಸಿಲಿನಲ್ಲಿ ಬರುತ್ತದೆ. ಮಳೆ ಸುರಿಯುವುದು ಎಲ್ಲೋ ಪಡುವಣದಲ್ಲಿ. ಅಣೆಕಟ್ಟು ತುಂಬಿ, ಬಾಗಿಲು ಎತ್ತಿ, ಆ ನೀರು ಮೆಣಸಗಿ, ಹೊಳೆಆಲೂರಿನ ಕಡೆ ಇಳಿಯುವ ಹೊತ್ತಿಗೆ ರೋಣದಲ್ಲಿ ಹೆಂಗಸರು ಮಾಳಿಗೆಯ ಮೇಲೆ ಹೆಸರುಕಾಳು ಒಣಹಾಕಿರುತ್ತಾರೆ. ಆಕಾಶ ಯಾವ ಸೂಚನೆಯನ್ನೂ ಕೊಡದ ಈ ನೀರಿಗೆ ನಾನು ಚಿಕ್ಕಂದಿನಿಂದ ಹೆದರುತ್ತ ಬಂದವಳು. ಆ ಹೆದರಿಕೆಯಿಂದಲೇ ನಾನು ಒಂದು ಜಾಲತಾಣ ಕಟ್ಟಿದೆ. ಅದು ಕೆಲಸ ಮಾಡಿದ ದಿನ ಹೆದರಿಕೆ ಇನ್ನೂ ಹೆಚ್ಚಾಯಿತು.

ಗಜೇಂದ್ರಗಡದಲ್ಲಿ ನಾನು ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮಗ್ಗದ ಮನೆಗಳಿಂದ, ಹೊಲದ ಮನೆಗಳಿಂದ, ನರೇಗಲ್ಲಿನಿಂದ ಬಸ್ಸು ಹಿಡಿದು ಬರುವವರು. ನಾನು ಓದಿದ ಶಾಲೆಯಲ್ಲಿ ಅನ್ಯಾಯವನ್ನು ಕಂಡರೆ ಅದರ ಹೆಸರು ಹಿಡಿದು ಕರೆಯಬೇಕೆಂದು ಕಲಿಸಿದ್ದರು. ಆ ಅಭ್ಯಾಸ ಬಿಟ್ಟುಹೋಗಿಲ್ಲ. ಹೊಳೆದಂಡೆಯ ಒಂದು ಊರಿನಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂಬುದು ಓದುತ್ತ ತಿಳಿಯುತ್ತದೆ.

ಹಿಂದೊಮ್ಮೆ ಮಹಾಪೂರ ಬಂದು ಆ ಊರು ಮುಳುಗಿದ ಮೇಲೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿದರು. ಕಟ್ಟಿದ್ದು ಸರಿ. ಆದರೆ ಹೇಗೆ ಕಟ್ಟಿದರು? ಒಕ್ಕಲುತನದ ಮನೆಗಳಿಗೆ ದನ ಕಟ್ಟಲು ಜಾಗ ಬಿಡಲಿಲ್ಲ. ಮೇವಿನ ಬಣವೆಗೆ ಜಾಗ ಬಿಡಲಿಲ್ಲ. ಎರಡು ಕೋಣೆಯ ಆ ಮನೆಗಳು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತವೆ. ಹೊಲಕ್ಕೆ ಹೋಗಲು ಮೊದಲಿಗಿಂತ ಎಷ್ಟೋ ದೂರ. ಹಕ್ಕುಪತ್ರದಲ್ಲಿ ಹೆಣ್ಣಿನ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಹಳೆಯ ಊರಿನಲ್ಲಿ ಹೊರಗೆ ಇಟ್ಟವರನ್ನು ಹೊಸ ನಕ್ಷೆಯಲ್ಲೂ ಕೊನೆಯ ಸಾಲಿಗೆ, ತಗ್ಗಿನ ಕಡೆಗೆ ತಳ್ಳಿದರು. ಯಾರನ್ನೂ ಕೇಳದೆ ಬರೆದ ನಕ್ಷೆ ಅದು.

ನನ್ನ ಜಾಲತಾಣದಲ್ಲಿ ಕೇಳುವ ಕೆಲಸವಾದರೂ ಆಗಲಿ ಎಂದುಕೊಂಡೆ. ಜಾವಾಸ್ಕ್ರಿಪ್ಟ್ ಎಂಬುದರಲ್ಲಿ ನನಗೆ ಮೊದಲು ಹಿಡಿಸಿದ್ದೇ ಈ ಗುಣ. ಸುಮ್ಮನೆ ಗೋಡೆಯ ಮೇಲಿನ ಸೂಚನೆಯಂತೆ ನಿಂತಿರುವ ಪುಟಕ್ಕೆ ಅದು ಕಿವಿ ಕೊಡುತ್ತದೆ. ಇಂಥ ಜಾಗವನ್ನು ಬೆರಳು ಮುಟ್ಟಿದರೆ ಇಂಥ ಕೆಲಸ ಮಾಡು ಎಂದು ನಾವು ಮೊದಲೇ ಬರೆದಿಡುತ್ತೇವೆ. ಪುಟ ಬೆರಳಿಗಾಗಿ ಕಾಯುತ್ತದೆ, ಮುಟ್ಟಿದೊಡನೆ ಬದಲಾಗುತ್ತದೆ, ಬದಲಾದದ್ದನ್ನು ದೂರದ ಸರ್ವರ್ ಎಂಬ ಯಂತ್ರಕ್ಕೆ ತಿಳಿಸುತ್ತದೆ. ನಾನು ಆ ಊರಿನ ನಕ್ಷೆ ಬಿಡಿಸಿದೆ. ಹಳೆಯ ಊರಿನ ಓಣಿಗಳೂ ಇದ್ದವು, ಹೊಸ ಊರಿನ ಸಾಲುಗಳೂ ಇದ್ದವು. ಪ್ರತಿ ಮನೆಯೂ ಒಂದು ಪುಟ್ಟ ಚೌಕ. ಮೊದಲು ಎಲ್ಲ ಚೌಕಗಳಿಗೂ ಬೂದುಬಣ್ಣ, ಅಂದರೆ ಗೊತ್ತಿಲ್ಲ ಎಂದರ್ಥ. ನಿಮ್ಮ ಮನೆಯನ್ನು ಮುಟ್ಟಿದರೆ ಎರಡು ಬಟನ್ ತೆರೆಯುತ್ತವೆ: ‘ಕ್ಷೇಮ ಇದ್ದೀವಿ’, ‘ನೀರು ಬಂದಿದೆ’. ಒಂದಕ್ಕೆ ಚೌಕ ಹಸಿರಾಗುತ್ತದೆ, ಇನ್ನೊಂದಕ್ಕೆ ಕೆಂಪು. ತಾನಾಗಿ ಯಾವ ಚೌಕವೂ ಹಸಿರಾಗಬಾರದು ಎಂಬುದರ ಬಗ್ಗೆ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಸುಮ್ಮನಿರುವವರನ್ನು ಕ್ಷೇಮ ಎಂದು ಬಗೆಯುವುದು ಆಡಳಿತದ ಹಳೆಯ ರೋಗ.

ಪುಟವನ್ನು ತೋರಿಸಲು ಹೊಸ ಊರಿಗೆ ಹೋದೆ. ಹೆಂಗಸರು ಮೊಬೈಲು ಹಿಡಿದು ತಂತಮ್ಮ ಬಾಗಿಲ ಮುಂದೆ ಕೂತಿದ್ದರು. ಅಂಗಳ ಗುಡಿಸಿತ್ತು, ಹೊಸ್ತಿಲಿಗೆ ರಂಗೋಲಿ ಇತ್ತು. ನನ್ನ ತರಗತಿಯಲ್ಲಿ ಕಲಿತ ಹುಡುಗಿಯೊಬ್ಬಳು ಅಲ್ಲಿದ್ದಳು. ಅವಳನ್ನು ನರೇಗಲ್ಲಿಗೆ ಮದುವೆ ಮಾಡಿಕೊಟ್ಟಿದ್ದರು. ಆಗ ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಲ್ಲರಿಗಿಂತ ಮೊದಲು ಅವಳೇ ಕೇಳಿದಳು:

“ಅಕ್ಕಾರ, ಇದನ್ನ ಒತ್ತಿದ್ರ ನಾವು ಎಲ್ಲಿ ಅದೀವಿ ಅಂತ ಫೋನ್ ತಾನ ಹೇಳತೈತೇನ್ರಿ?”

“ಇಲ್ಲ. ಫೋನಿನಿಂದ ಜಾಗ ಕೇಳೂದಿಲ್ಲ. ನೀವು ಮುಟ್ಟಿ ತೋರಿಸಿದ್ದಷ್ಟೇ ಗೊತ್ತಾಗತೈತಿ” ಎಂದೆ.

“ಖರೇ?”

“ಖರೇ. ನಂಬು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮೂಲೆಯಿಂದ ಯಾರೋ, “ಹಂಗಾದ್ರ ಚಲೋ ಐತಿ ತಗೋರವ್ವಾ” ಎಂದರು. ಗಂಡನೋ ಅತ್ತೆಯೋ ಮೊಬೈಲು ಹಿಡಿದು ತಮ್ಮ ಬೆನ್ನು ಹತ್ತುತ್ತಾರೆಂಬ ಅಂಜಿಕೆ ಇವರದು ಎಂದು ನಾನು ತಿಳಿದೆ. ಹೆಣ್ಣಿನ ಚಲನವಲನದ ಮೇಲಿನ ಕಾವಲು ಎಂಥದೆಂದು ಬಲ್ಲವಳು ನಾನು. ಹಾಗಾಗಿ ಆ ಮಾತು ಕೊಟ್ಟು ಹೆಮ್ಮೆಯಿಂದಲೇ ಗಜೇಂದ್ರಗಡದ ಬಸ್ಸು ಹತ್ತಿದೆ.

ಆ ವರ್ಷದ ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬೆಳಿಗ್ಗೆಯೇ ಬಂತು. ಬೆಣ್ಣಿಹಳ್ಳವೂ ಮೈದುಂಬಿತ್ತು. ರೋಣದ ಒಂದು ಸಭಾಭವನದಲ್ಲಿ ತಾತ್ಕಾಲಿಕವಾಗಿ ಕಂಟ್ರೋಲ್ ರೂಮ್ ತೆರೆದಿದ್ದರು. ದೋಣಿಗಳ ಉಸ್ತುವಾರಿಗೆ ಬಂದಿದ್ದ ಅಧಿಕಾರಿ ನರಗುಂದದ ಕಡೆಯವರು. ಮಾತು ಒರಟು, ಮನುಷ್ಯ ಒಳ್ಳೆಯವರು. ಅವರೇ ನನ್ನನ್ನು ಕರೆಸಿ, ಗೋಡೆಯ ಪರದೆಯ ಮೇಲೆ ನನ್ನ ನಕ್ಷೆ ತೆರೆಸಿದರು.

ಹೊಸ ಊರಿನ ಚೌಕಗಳು ಒಂದೊಂದಾಗಿ ಹಸಿರಾಗತೊಡಗಿದವು. ಹಳೆಯ ಊರು ಬೂದುಬಣ್ಣದಲ್ಲೇ ಉಳಿಯಿತು. ಅಲ್ಲಿನ ಒಂದು ಚೌಕವನ್ನೂ ಯಾರೂ ಮುಟ್ಟಲಿಲ್ಲ. ಕಿಟಕಿಯ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಧಿಕಾರಿ ಪರದೆ ನೋಡಿ ಕೈ ಉಜ್ಜಿಕೊಂಡರು.

“ಈ ಊರು ಪಾರಾತು ನೋಡ್ರಿ. ಎಲ್ಲಾರೂ ಮ್ಯಾಲ ಅದಾರ. ದೋಣಿ ಎರಡೂ ಹೊಳೆಆಲೂರ ಕಡೆ ಕಳಸೂಣು.”

ನನ್ನ ತರಗತಿಯ ಹುಡುಗಿಯ ತವರುಮನೆಯ ಚೌಕವೂ ಹಸಿರಾಗಿತ್ತು. ಅವಳಿಗೆ ಹೆರಿಗೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಕೂಸು ಹೇಗಿದೆ ಎಂದು ಕೇಳುವ ನೆಪದಲ್ಲಿ ಫೋನು ಹಚ್ಚಿದೆ.

“ಚಲೋ ಅದೀವ್ರಿ ಅಕ್ಕಾರ” ಎಂದಳು. ದನಿ ತೆಳ್ಳಗಿತ್ತು. “ಹೊಸ ಊರಾಗ ಅದೀವಿ. ಬಟನ್ ಒತ್ತೀನಲ್ರಿ.”

“ನೋಡಿದೆ. ಕೂಸು?”

“ಮಲಗೈತ್ರಿ.”

ಅಷ್ಟರಲ್ಲಿ ಅವಳ ಹಿಂದೆ ಎಮ್ಮೆಯೊಂದು ಕೂಗಿತು. ದೂರದ್ದಲ್ಲ, ಗೋಡೆಯಾಚೆಯದು. ಮತ್ತೊಂದು ಎಮ್ಮೆ ಕೂಗಿತು. ಅವಳ ತಾಯಿ ಯಾರಿಗೋ ಗದರಿದ್ದು ಕೇಳಿಸಿತು: “ಕಣ್ಣಿ ಬಿಚ್ಚೋ ಲಗೂ! ಗ್ವಾದ್ಲಿಗೆ ನೀರು ಬಂತು!”

ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ಕಟ್ಟೆ. ಹೊಸ ಊರಿನ ಯಾವ ಮನೆಯಲ್ಲೂ ಗೋದಲಿ ಇಲ್ಲ. ಆ ದಿನ ಗುಡಿಸಿಟ್ಟಿದ್ದ ಅಂಗಳಗಳು ನೆನಪಾದವು. ಅಷ್ಟೂ ಒಕ್ಕಲುತನದ ಮನೆಗಳ ಮುಂದೆ ಒಂದು ಹಿಡಿ ಸೆಗಣಿ ಬಿದ್ದಿರಲಿಲ್ಲ, ಒಂದು ಕುಳ್ಳು ಒಣಗುತ್ತಿರಲಿಲ್ಲ. ನಾನು ಅದನ್ನು ಸ್ವಚ್ಛತೆ ಎಂದು ಮೆಚ್ಚಿದ್ದೆ.

“ನೀ ಎಲ್ಲಿದ್ದೀ?” ಎಂದು ಪಿಸುಮಾತಿನಲ್ಲಿ ಕೇಳಿದೆ.

ಫೋನು ತಾಯಿಯ ಕೈಗೆ ಹೋಯಿತು.

“ಅಕ್ಕಾರ, ನಿಮಗ ಕೈಮುಗೀತೀನಿ, ಅಲ್ಲಿ ಸಾಹೇಬ್ರ ಮುಂದ ಹೇಳಬ್ಯಾಡ್ರಿ. ಹೊಸಾ ಮನ್ಯಾಗ ಇಲ್ಲದವರ ಮನಿ ವಾಪಸ್ ತಗೋತಾರಂತ. ಮಂಗಳವಾರ, ಶುಕ್ರವಾರ ಹೋಗಿ ಕಸಾ ಹೊಡದು ದೀಪಾ ಹಚ್ಚಿ ಬರ್ತೀವಿ. ಎಲ್ಲಾರದೂ ಹಂಗ ಐತ್ರಿ. ಆ ಕಾದ ಹಂಚಿನ್ಯಾಗ ಬಾಣಂತನ ಹ್ಯಾಂಗ ಮಾಡ್ಲಿ? ಎಮ್ಮಿ ಎಲ್ಲಿ ಕಟ್ಲಿ, ನನ್ನ ತಲಿಮ್ಯಾಲ?”

“ಈಗ ಮೇಲೆ ಹೋಗ್ರಿ. ಮೊದಲು ಬಾಣಂತಿನ್ನ ಕರಕೊಂಡು ಹೋಗ್ರಿ.”

“ಹಳ್ಳದ ಸೇತುವಿ ಮುಣಗೈತಿ, ಯವ್ವಾ. ಮಾಳಗಿ ಹತ್ತಬೇಕಷ್ಟ.”

ಫೋನು ಕಡಿದುಹೋಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಗೋಡೆಯ ಮೇಲೆ ಇನ್ನೆರಡು ಚೌಕ ಹಸಿರಾದವು. ಅಂಥ ಹಸಿರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಂದೊಂದು ಚೌಕದ ಹಿಂದೆಯೂ ಹೊಳೆದಂಡೆಯ ಒಂದು ಮನೆ, ಅದರ ಮಣ್ಣಿನ ಗೋಡೆಗೆ ಏರುತ್ತಿರುವ ನೀರು. ಮಣ್ಣಿನ ಗೋಡೆ ನೀರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಧಿಕಾರಿ ದೋಣಿಯವರಿಗೆ ಫೋನು ಮಾಡಲು ಮೊಬೈಲು ಎತ್ತಿಕೊಂಡಿದ್ದರು.

“ಸರ್, ಅರ್ಧ ತಾಸು ತಡೀರಿ.”

“ಯಾಕ್ರಿ?”

“ನಕ್ಷೆ ಸರಿ ಇಲ್ಲ.”

“ಹಸಿರು ಕಂಡು ಹೆದರೂ ಮಂದೀನ್ನ ಇವತ್ತ ನೋಡಿದೆ” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಏನಾತು ಹೇಳ್ರಿ. ಹೊಳೆಆಲೂರದಾಗೂ ಮಂದಿ ಕಾಯಾಕತ್ತಾರ. ಸುಮ್ಮ ತಡ್ಯಾಕ ಆಗೂದಿಲ್ಲ.”

ಹೇಳುವುದೇನು? ಹಳೆಯ ಊರಿನಲ್ಲಿ ಜನ ಇದ್ದಾರೆ ಎಂದು ಹೇಳಿದರೆ ದೋಣಿ ಹೋಗುತ್ತದೆ. ಆದರೆ ಆ ಹೇಳಿಕೆಗೆ ಸಾಕ್ಷಿ ಒಬ್ಬಳೇ, ನನ್ನ ಮುಂದೆ ಕೈಮುಗಿದ ಹೆಂಗಸು. ಯಾವ ಓಣಿಗೆ ಹೋಗಬೇಕು, ಎಲ್ಲಿ ಎಷ್ಟು ಜನ, ಒಂದೂ ನನಗೆ ಗೊತ್ತಿರಲಿಲ್ಲ. ಫೋನುಗಳಿಂದಲೇ ಜಾಗ ತಿಳಿಯುವಂತೆ ಕೋಡ್ ಬದಲಿಸಬಹುದಿತ್ತು. ಆಗ ಪ್ರತಿ ಮೊಬೈಲೂ ‘ನಿಮ್ಮ ಸ್ಥಳ ತಿಳಿಸಬಹುದೇ’ ಎಂದು ಕೇಳುತ್ತದೆ, ಪ್ರತಿಯೊಬ್ಬರೂ ‘ಬೇಡ’ ಎನ್ನುತ್ತಾರೆ. ಕೊಟ್ಟ ಮಾತೂ ಮುರಿಯುತ್ತದೆ, ಜೀವವೂ ಉಳಿಯುವುದಿಲ್ಲ. ಮನೆ ಎಲ್ಲಿ ಎಂದು ಕೇಳುವ ತನಕ ಅವರು ಹೊಸ ಊರನ್ನೇ ಮುಟ್ಟುತ್ತಾರೆ. ಅದು ಸುಳ್ಳೂ ಅಲ್ಲ. ಹಕ್ಕುಪತ್ರದ ಮನೆ ಅದೇ.

ಎಮ್ಮೆಯ ಕೂಗು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಎಮ್ಮೆಗೆ ಹಕ್ಕುಪತ್ರವಿಲ್ಲ. ಅದು ಎಲ್ಲಿ ಕಟ್ಟಿದೆ ಎಂದು ಹೇಳಿದರೆ ಯಾರ ಮನೆಯೂ ಹೋಗುವುದಿಲ್ಲ.

“ಅರ್ಧ ತಾಸಿನ್ಯಾಗ ತೋರಸ್ತೀನ್ರಿ” ಎಂದಷ್ಟೇ ಹೇಳಿ ಲ್ಯಾಪ್‌ಟಾಪು ತೆರೆದು ಕೂತೆ. ಮನೆಯ ಚೌಕ ಮುಟ್ಟಿದಾಗ ತೆರೆಯುವ ಎರಡು ಬಟನ್‌ಗಳ ಕೆಳಗೆ ಮೂರನೆಯದೊಂದನ್ನು ಸೇರಿಸಿದೆ. ಅದರ ಮೇಲೆ ಬರೆದದ್ದು ಊರಿನ ಮಾತಿನಲ್ಲೇ: ‘ದನ ಎಲ್ಲಿ ಕಟ್ಟೀರಿ?’ ಅದನ್ನು ಒತ್ತಿದರೆ ನಕ್ಷೆಯ ಯಾವ ಜಾಗವನ್ನು ಬೇಕಾದರೂ ಮುಟ್ಟಬಹುದು; ಮುಟ್ಟಿದಲ್ಲಿ ಒಂದು ಕೆಂಪು ಚುಕ್ಕೆ ಮೂಡಬೇಕು. ಯಾರ ಮನೆಯಿಂದ ಬಂದ ಚುಕ್ಕೆ ಎಂಬುದನ್ನು ಸರ್ವರ್‌ಗೆ ಕಳಿಸುವ ಸಾಲು ಬರೆಯಲು ಹೋಗಿ, ಬರೆಯದೆ ಬಿಟ್ಟೆ. ಜಾಗ ಸಾಕು. ಹೆಸರು ಬೇಡ.

ನನ್ನದೇ ಮೊಬೈಲಿನಲ್ಲಿ ಒತ್ತಿ ನೋಡಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಬಟನ್ ಕಲ್ಲಿನಂತೆ ಕೂತಿತ್ತು.

ಕೋಡ್ ತಪ್ಪಾದಾಗ ಬಹಳ ಸಲ ಯಾವ ಸದ್ದೂ ಆಗುವುದಿಲ್ಲ. ಮಾತಾಡಿದವರಿಗೆ ತಮ್ಮ ಮಾತು ತಲುಪಿತೆಂದೇ ಅನ್ನಿಸುತ್ತದೆ. ಆ ಹೊತ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಡುಗಿಸಿದ್ದು ಈ ಯೋಚನೆ: ಮಾಳಿಗೆಯ ಮೇಲೆ ಕೂತ ಒಬ್ಬಳು ಒತ್ತುತ್ತಾಳೆ, ಇಲ್ಲಿ ಪರದೆ ಸುಮ್ಮನಿರುತ್ತದೆ, ಅವಳು ದೋಣಿ ಬರುತ್ತದೆಂದು ಕಾಯುತ್ತಾಳೆ. ಕೋಡನ್ನು ಮೇಲಿನಿಂದ ಓದಿದೆ. ಬಟನ್ ಪುಟದ ಮೇಲೆ ಮೂಡುವ ಮೊದಲೇ, ಅದನ್ನು ಮುಟ್ಟಿದರೆ ಕೇಳಿಸಿಕೊ ಎಂದು ಬರೆದಿದ್ದೆ. ಇಲ್ಲದ ಬಟನ್‌ಗೆ ಕಿವಿ ಕೊಟ್ಟಿದ್ದೆ. ಆ ಸಾಲನ್ನು ಕೆಳಗಿಳಿಸಿದೆ. ಮೊಬೈಲುಗಳು ಹಳೆಯ ಪುಟವನ್ನೇ ನೆನಪಿಟ್ಟುಕೊಂಡು ತೋರಿಸುವ ಚಾಳಿಯವು. ಆದ್ದರಿಂದ ಕಡತಕ್ಕೆ ಹೊಸ ಹೆಸರು ಕೊಟ್ಟು ಸರ್ವರ್‌ಗೆ ಏರಿಸಿದೆ. ಈ ಸಲ ಒತ್ತಿದರೆ ಚುಕ್ಕೆ ಮೂಡಿತು.

ಹೆಂಗಸರ ವಾಟ್ಸಾಪ್ ಗುಂಪಿಗೆ ದನಿಮುದ್ರಿಕೆ ಕಳಿಸಿದೆ. “ದನಾ ಉಳಸಾಕ ಕೇಳಾಕತ್ತೀವಿ. ಪುಟ ಬಂದ್ ಮಾಡಿ ಮತ್ತ ತಗೀರಿ. ನಿಮ್ಮ ದನಾ ಎಲ್ಲಿ ಕಟ್ಟೀರಿ, ಅಲ್ಲಿ ಮುಟ್ರಿ. ಮನಿ ಯಾರೂ ಕೇಳಾಕತ್ತಿಲ್ಲ, ಹೆಸರು ಯಾರೂ ಕೇಳಾಕತ್ತಿಲ್ಲ. ದನಾ ಅಷ್ಟ.”

ಅಧಿಕಾರಿ ಗೋಡೆಯ ಮುಂದೆ ನಿಂತಿದ್ದರು. ಮೊಬೈಲು ಅವರ ಕೈಯಲ್ಲೇ ಇತ್ತು. ಪರದೆಯ ಮೇಲೆ ಏನೂ ಆಗಲಿಲ್ಲ. ನಾನು ದೇವರನ್ನು ನಂಬುವವಳಲ್ಲ. ಅವತ್ತು ಯಾರನ್ನು ಬೇಡಿಕೊಂಡೆನೋ ನನಗೇ ತಿಳಿಯದು.

ಮೊದಲ ಚುಕ್ಕೆ ಹಳೆಯ ಊರಿನ ಅಗಸೆಬಾಗಿಲ ಹತ್ತಿರ ಮೂಡಿತು. ಎರಡನೆಯದು ಹೊಳೆಗೆ ಇನ್ನೂ ಸಮೀಪ. ಆಮೇಲೆ ಅವು ಒಂದರ ಬೆನ್ನಿಗೊಂದು ಬಂದವು. ಬೂದುಬಣ್ಣದ ಓಣಿಗಳಲ್ಲಿ, ಗುಡಿಯ ಹಿಂದೆ, ಹಳ್ಳದ ದಂಡೆಗೆ, ಯಾರೂ ಇಲ್ಲವೆಂದು ತೀರ್ಮಾನವಾಗಿದ್ದ ಆ ಊರಿನ ತುಂಬ. ಮೇಲೆ ಹೊಸ ಊರು ಹಸಿರಾಗಿ ಸುಮ್ಮನೆ ಕೂತಿತ್ತು. ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಅಧಿಕಾರಿ ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗದೆಯೇ ಕೇಳಿದರು:

“ಮೇಡಂ, ಇಷ್ಟು ದನಾ ಹೊಳೀದಂಡಿಗೆ ಅದಾವ. ಇವನ್ನ ಹಿಂಡಾವ್ರು, ಮೇವು ಹಾಕಾವ್ರು ಎಲ್ಲಿ ಅದಾರ್ರಿ?”

ನಾನು ಲ್ಯಾಪ್‌ಟಾಪಿನ ಮೇಲೆ ತಲೆ ಬಗ್ಗಿಸಿದೆ.

“ಆತು ಬಿಡ್ರಿ” ಎಂದರು. ದೋಣಿಯವರಿಗೆ ಹೇಳಿದರು: “ಒಂದು ದೋಣಿ ಇತ್ಲಾಗ ತಿರಗಸ್ರಿ. ಹಳೇ ಊರು. ಅಗಸಿ ಕಡೆಯಿಂದ ಹೋಗ್ರಿ, ಮಾಳಗಿ ಮಾಳಗಿ ನೋಡ್ರಿ... ಯಾತಕ್ಕಂದ್ರ? ದನಾ ಸಿಕ್ಕೊಂಡಾವ. ಹೌದೋ ಮಾರಾಯಾ, ದನಾ! ಎಮ್ಮಿ ದೋಣಿ ಹತ್ತೂದಿಲ್ಲ ಅಂತ ನನಗೂ ಗೊತ್ತೈತಿ. ಕಣ್ಣಿ ಬಿಚ್ಚಿದ್ರ ಅವು ಈಸಿ ಬರ್ತಾವ. ಅಲ್ಲಿ ಯಾರ್ ಸಿಗತಾರ ಅವರನ್ನ ಹತ್ತಿಸ್ಕೊಂಡು ಬಾ.”

ಅಷ್ಟರಲ್ಲಿ ಸಭಾಭವನದಲ್ಲಿದ್ದ ಮೂವರೋ ನಾಲ್ವರೋ ಎದ್ದು ಬಂದು ಗೋಡೆಯ ಪರದೆಯ ಫೋಟೊ ತೆಗೆದುಕೊಂಡರು. ಮೇಲಿನವರಿಗೆ ಕಳಿಸಲು ಬೇಕಂತೆ. ತಡೆಯಬೇಕೆಂದು ನಾನು ಏಳುವುದರೊಳಗೆ ಕೆಲಸ ಮುಗಿದಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನಾನು ಹೊಸ ಊರಿಗೆ ಬಂದೆ. ದೋಣಿ ಜನರನ್ನು ತಂದು ತಂದು ಎರೆಹೊಲದ ಅಂಚಿಗೆ ಇಳಿಸಿತ್ತು. ಎಲ್ಲರ ಕಾಲಿಗೂ ಮೊಣಕಾಲ ತನಕ ಕರಿ ಕೆಸರು. ಎಮ್ಮೆಗಳು ಮೂಗು ಮೇಲೆತ್ತಿ ಈಸಿ ಬಂದು ದಡದಲ್ಲಿ ಏದುಸಿರು ಬಿಡುತ್ತಿದ್ದವು. ಬಾರದೆ ಹೋದವೂ ಇದ್ದವು. ಮನುಷ್ಯರು ಎಲ್ಲರೂ ಬಂದಿದ್ದಾರೆ ಎಂದು ಊರಿನವರೇ ಮತ್ತೆ ಮತ್ತೆ ತಮ್ಮ ತಮ್ಮಲ್ಲಿ ವಿಚಾರಿಸಿಕೊಂಡು ಖಾತ್ರಿ ಮಾಡಿಕೊಂಡರು.

ಬಾಣಂತಿ ತನ್ನ ಹಸಿರು ಚೌಕದ ಮನೆಯ ಒಳಗೆ, ಬರಿ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದಳು. ತಲೆಗೆ ಬಟ್ಟೆ ಬಿಗಿದಿದ್ದಳು, ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಕಾಯಿಸಿಕೊಳ್ಳಲು ಬೆಂಕಿ ಇಲ್ಲ, ಹಾಸಲು ಒಣಬಟ್ಟೆ ಇಲ್ಲ. ನನ್ನನ್ನು ಕಂಡವಳೇ,

“ಈಗ ಖರೇ ಆತ್ ನೋಡ್ರಿ ಅಕ್ಕಾರ, ಹೊಸಾ ಊರಾಗ ಅದೀವಿ” ಎಂದು ನಗಲು ನೋಡಿದಳು.

ಅವಳ ತಾಯಿ ಹೊರಗಿನಿಂದ ಬಂದು ನನ್ನ ಮುಂದೆ ಕೂತಳು. ಉಪಚಾರದ ಮಾತು ಆಡಲಿಲ್ಲ.

“ಆ ಚುಕ್ಕಿ ಅಳಸ್ತೀರಿಲ್ರಿ?”

“ನನ್ನ ಕಡೆ ಇರೂದು ಆಗಲೇ ಅಳಿಸೀನಿ. ಹೆಸರು ಯಾರದೂ ಇರಲಿಲ್ಲ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಿಳಿಯದೆ ಇರುವುದೇ ಅವರಿಗೆ ಆದ ಅನ್ಯಾಯಗಳಲ್ಲಿ ಒಂದಾಗಿತ್ತು. “ಅಲ್ಲಿ ಪರದೆಯ ಫೋಟೊ ತಗೊಂಡಾರ. ಅದು ನನ್ನ ಕೈಯಾಗ ಇಲ್ಲ.”

ಕೂಸು ಎದ್ದು ಅತ್ತಿತು; ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು.

“ಹಂಗಾದ್ರ ಸಾಹೇಬ್ರ ಜೀಪು ಬರತೈತಿ” ಎಂದಳು ತಾಯಿ.

“ಬಂದ್ರ ನಾನೂ ಬರ್ತೀನಿ. ದನ ಕಟ್ಟಾಕ ಜಾಗ ಕೊಡದ ಮನೀನ ವಾಪಸ್ ಕೇಳಾಕ ಇವರಿಗೆ ಯಾವ ಅಧಿಕಾರ ಐತಿ ಅಂತ ಕೇಳ್ತೀನಿ.”

“ನೀವು ಕೇಳ್ತೀರಿ, ಅಕ್ಕಾರ. ಅವರು ಹಕ್ಕುಪತ್ರದಾಗಿನ ನನ್ನ ಮಗನ ಹೆಸರು ಬರಕೊಂಡು ಹೋಗ್ತಾರ.”

ಮಗಳೇ ಕೇಳಿದಳು: “ಮುಂದಿನ ಸಲ ಆ ಬಟನ್ ಇರತೈತೇನ್ರಿ?”

“ನೀವು ಬ್ಯಾಡ ಅಂದ್ರ ತೆಗೀತೀನಿ.”

ತಾಯಿ ಬೇಡ ಎನ್ನುತ್ತಾಳೆಂದೇ ತಿಳಿದಿದ್ದೆ. ಅವಳು ಕೂಸಿನ ಕಡೆ ನೋಡಿದಳು, ಬಾಗಿಲಾಚೆ ಹೊಲದ ಮೇಲೆ ಹರಡಿಕೊಂಡಿದ್ದ ನೀರಿನ ಕಡೆ ನೋಡಿದಳು.

“ಇರ್ಲಿ” ಎಂದಳು. ಎದ್ದು, ಸೀರೆಯ ಸೆರಗು ಹಿಂಡಿಕೊಳ್ಳುತ್ತ, ಬೆಂಕಿಗೆ ಒಣ ಕಟ್ಟಿಗೆ ಕೇಳಿಕೊಂಡು ಬರಲು ಪಕ್ಕದ ಮನೆಗೆ ಹೋದಳು.

ಬಟನ್ ಈಗಲೂ ಇದೆ. ಜೀಪು ಈತನಕ ಬಂದಿಲ್ಲ. ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ನೀರು ಇಳಿದ ಮೇಲೆ ಅವರು ಮತ್ತೆ ಹಳೆಯ ಊರಿಗೇ ಹೋದರು, ಯಾಕೆಂದರೆ ಎಮ್ಮೆ ಕಟ್ಟುವ ಜಾಗ ಇವತ್ತಿಗೂ ಅಲ್ಲೇ ಇದೆ. ಆ ಊರಿನ ಯಾರದೇ ಫೋನು ಬಂದರೂ, ಎತ್ತುವ ಮೊದಲು ನನ್ನ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಹೇಳಲು ಹೊರಟಿರುವುದು ನೀರಿನ ಸುದ್ದಿಯೋ ಜೀಪಿನ ಸುದ್ದಿಯೋ ತಿಳಿಯದು.